ಸಮುದ್ರದಡಿಯ ಸುಡುಬಾವಿಯಲ್ಲಿ ಫ್ರ್ಯಾಕ್ ಮತ್ತು ಟೆಸ್ಟ್: ಹಂತ ಹಂತವಾಗಿ

ಆಂಧ್ರದ ಕಾಕಿನಾಡದ ಎದುರಿನ ಸಮುದ್ರದಲ್ಲಿ ಕೆಜಿ-ಒಎಸ್‌ಎನ್-2001/3 ಅನ್ನೋ, ಗ್ಯಾಸ್ ಹುಡುಕಲು ಗುರುತಿಸಿದ ಬ್ಲಾಕ್ ಇದೆ. ಇಲ್ಲಿ ನೀರು ಅಷ್ಟೇನೂ ಆಳವಿಲ್ಲ. ಆದರೆ ಗ್ಯಾಸ್ ಕೂತಿರುವ ಮರಳುಗಲ್ಲು ನಾಲ್ಕೂವರೆ, ಐದು ಕಿಲೋಮೀಟರ್ ಕೆಳಗಿದೆ. ಕೃಷ್ಣಾ-ಗೋದಾವರಿ ಕಣಿವೆ ಅಂದ ತಕ್ಷಣ ಈ ನದಿಗಳು ಈಚೆಗೆ ಹೊತ್ತು ತಂದ ಹೂಳು ಅಂದುಕೊಳ್ಳಬೇಡಿ. ಇದು 10 ಕೋಟಿ ವರ್ಷಕ್ಕೂ ಹಳೆಯ, ಕ್ರಿಟೇಷಿಯಸ್ ಕಾಲದ ಕಲ್ಲು. ಆ ಆಳದಲ್ಲಿ ಒತ್ತಡ 10,000 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಅಳತೆ) ದಾಟುತ್ತದೆ. ಶಾಖ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತದೆ. ಕಲ್ಲು ಎಷ್ಟು ಬಿಗಿ ಅಂದರೆ, ಫ್ರ್ಯಾಕ್ ಮಾಡದೆ, ಅಂದರೆ ಭಾರಿ ಒತ್ತಡದಲ್ಲಿ ದ್ರವ ನುಗ್ಗಿಸಿ ಕಲ್ಲನ್ನು ಬಿರಿಸಿ, ಬಿರುಕು ಮುಚ್ಚದಂತೆ ಪ್ರೊಪ್ಪೆಂಟ್ ಎಂಬ ಗಟ್ಟಿ ಕಾಳು ತುಂಬದೆ, ಬಾವಿಯಿಂದ ಲಾಭದ ಮಟ್ಟದಲ್ಲಿ ಗ್ಯಾಸ್ ಬರುವುದು ಕಷ್ಟ.

ಗುಜರಾತ್ ಸ್ಟೇಟ್ ಪೆಟ್ರೋಲಿಯಂ ಕಾರ್ಪೊರೇಷನ್ ಇಲ್ಲಿ ಕೊರೆದಾಗ, 2005ರಲ್ಲಿ, 20 ಟ್ರಿಲಿಯನ್ ಘನ ಅಡಿ ಗ್ಯಾಸ್ ಇದೆ ಎಂಬ ಅಂದಾಜು ಪ್ರಕಟವಾಯಿತು. ಮುಂದೆ ಈ ಬ್ಲಾಕ್‌ನ ದೀನ್ ದಯಾಳ್ ವೆಸ್ಟ್ ಎಂಬ ಭಾಗದ ಅಭಿವೃದ್ಧಿ ಯೋಜನೆ ಬರೆಯುವ ಹೊತ್ತಿಗೆ ಆ ಭಾಗದ ಲೆಕ್ಕ ಸುಮಾರು 2 ಟ್ರಿಲಿಯನ್ ಘನ ಅಡಿಯಷ್ಟಿತ್ತು. ಬಂದ ಉತ್ಪಾದನೆ ಅದಕ್ಕೂ ತಕ್ಕಂತಿರಲಿಲ್ಲ. 2017ರಲ್ಲಿ ಒಎನ್‌ಜಿಸಿ ಈ ಬ್ಲಾಕ್‌ನ ಶೇ 80ರಷ್ಟು ಪಾಲು ಕೊಂಡಿತು. ಕಲ್ಲಿನಲ್ಲಿ ಗ್ಯಾಸ್ ಇರುವುದು ಒಂದು ಮಾತು, ಅದು ತಿಂಗಳುಗಟ್ಟಲೆ ಹರಿಯುವುದು ಬೇರೆಯೇ ಮಾತು. ಎರಡನೆಯದನ್ನು ಹೇಳುವುದು ಟೆಸ್ಟ್ ಮಾತ್ರ, ಅಂದರೆ ಬಾವಿಯನ್ನು ಹರಿಯಬಿಟ್ಟು, ಮುಚ್ಚಿ, ಒತ್ತಡ ಅಳೆಯುವುದು. ಹಾಗಾಗಿ ಈ ಬರಹದಲ್ಲಿ ಫ್ರ್ಯಾಕ್‌ಗಿಂತ ಅದರ ಹಿಂದೆ ಮುಂದೆ ಮಾಡುವ ಅಳತೆಗಳ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಪೆಟ್ರೋಲಿಯಂ, ಭೂವಿಜ್ಞಾನ, ಮೆಕ್ಯಾನಿಕಲ್ ಓದಿ ರಿಗ್ ಕೆಲಸಕ್ಕೆ ಹೊರಟವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಕುತೂಹಲಕ್ಕೆ ಓದುವವರಿಗೂ ಅರ್ಥವಾಗಬೇಕು.

ಹಂತ 1: ಬಾವಿ ಯಾವ ವರ್ಗದ್ದು, ಮೊದಲು ತಿಳಿಯಿರಿ

10,000 ಪಿಎಸ್‌ಐಗಿಂತ ಜಾಸ್ತಿ ಒತ್ತಡ, 150 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಶಾಖ ಇದ್ದರೆ ಅದನ್ನು ಎಚ್‌ಪಿಎಚ್‌ಟಿ (ಹೈ ಪ್ರೆಶರ್, ಹೈ ಟೆಂಪರೇಚರ್) ಬಾವಿ ಅನ್ನುತ್ತಾರೆ. 20,000 ಪಿಎಸ್‌ಐ, 200 ಡಿಗ್ರಿ ದಾಟಿದರೆ ಅತಿ ಎಚ್‌ಪಿಎಚ್‌ಟಿ. ಈ ಗೆರೆಗಳು ಸುಮ್ನೆ ಹೆಸರಿಡಲು ಹಾಕಿದ್ದಲ್ಲ. ರಬ್ಬರ್ ಸೀಲು, ಎಲೆಕ್ಟ್ರಾನಿಕ್ ಗೇಜು, ಸ್ಫೋಟಕ, ಜೆಲ್ (ಫ್ರ್ಯಾಕ್‌ಗೆ ಬಳಸುವ ಮಂದ ದ್ರವ) ಎಲ್ಲದರ ಆಯ್ಕೆಯೂ ಈ ಗೆರೆಗಳಲ್ಲೇ ಬದಲಾಗುತ್ತದೆ.

ಸಾಮಾನ್ಯ ನೈಟ್ರೈಲ್ ರಬ್ಬರ್ 120 ಡಿಗ್ರಿ ದಾಟಿದ ಮೇಲೆ ನಂಬಿಕೆಗೆ ಯೋಗ್ಯವಲ್ಲ. ಪರ್ಫೊರೇಷನ್‌ಗೆ, ಅಂದರೆ ಬಾವಿಯ ಗೋಡೆಯ ಉಕ್ಕಿನ ಕೊಳವೆಯಲ್ಲಿ (ಕೇಸಿಂಗ್) ಕಲ್ಲಿನವರೆಗೆ ತೂತು ಹೊಡೆಯಲು, ಬಳಸುವ ಆರ್‌ಡಿಎಕ್ಸ್, ಎಚ್‌ಎಂಎಕ್ಸ್ ಸ್ಫೋಟಕದ ಚಾರ್ಜುಗಳು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕೂತರೆ ಕೆಡುತ್ತವೆ. ಅಲ್ಲಿಗೆ ಎಚ್‌ಎನ್‌ಎಸ್ ಬೇಕು. ಚಾರ್ಜು ತುಂಬಿದ ಗನ್ ಕೆಳಗಿಳಿದು, ಪ್ಯಾಕರ್ (ಪೈಪಿನ ಸುತ್ತಲಿನ ಜಾಗ ಮುಚ್ಚುವ ಬಿರಡೆ) ಕೂತು, ಹವಾಮಾನಕ್ಕಾಗಿ ಕಾಯ್ದು, ಆಮೇಲೆ ಸಿಡಿಸುವ ತನಕ ಎಷ್ಟು ಗಂಟೆಯಾಗಬಹುದು? ಆ ಕೆಟ್ಟ ಅಂದಾಜನ್ನೇ ತೆಗೆದುಕೊಂಡು ಚಾರ್ಜಿನ ಶಾಖ-ಸಮಯದ ಪಟ್ಟಿ ನೋಡಿ. ಎಲ್ಲವೂ ಅಂದುಕೊಂಡಂತೆ ನಡೆಯುವ ದಿನದ ಲೆಕ್ಕ ಇಲ್ಲಿ ಕೆಲಸಕ್ಕೆ ಬರಲ್ಲ.

ಬಂಗಾಳ ಕೊಲ್ಲಿಯಲ್ಲಿ ಇನ್ನೊಂದು ವಿಷಯ ಸೇರಿಸಿಕೊಳ್ಳಿ: ಚಂಡಮಾರುತ. ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್, ಈ ಎರಡು ಅವಧಿಗಳನ್ನು ಬಿಟ್ಟು ಕೆಲಸ ಹೊಂದಿಸುವುದು ಜಾಣತನ. ಬಿಡಲು ಆಗದಿದ್ದರೆ, ಫ್ರ್ಯಾಕ್ ಹಡಗಿನ ಹೋಸ್ ಕಳಚಿ ಬಾವಿ ಮುಚ್ಚಿ ಹೊರಡಲು ಎಷ್ಟು ಹೊತ್ತು ಬೇಕು ಅನ್ನುವುದು ಕಾಗದದ ಮೇಲಿರಬೇಕು.

ಹಂತ 2: ಒತ್ತಡದ ಲೆಕ್ಕ ಕೈಯಲ್ಲೇ ಮಾಡಿ

ಸಾಫ್ಟ್‌ವೇರ್ ಎಲ್ಲ ಮಾಡಿಕೊಡುತ್ತದೆ, ನಿಜ. ಆದರೂ ಈ ಒಂದು ಲೆಕ್ಕವನ್ನು ಪ್ರತಿ ಇಂಜಿನಿಯರ್ ಕಾಗದದ ಮೇಲೆ ಮಾಡಿ ನೋಡಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಒಂದು ಕಾಲ್ಪನಿಕ ಬಾವಿ ತೆಗೆದುಕೊಳ್ಳೋಣ.

ಆಳ 5,000 ಮೀಟರ್, ಅಂದರೆ ಸುಮಾರು 16,400 ಅಡಿ. ಕಲ್ಲು ಬಿರಿಯಲು ಅಡಿಗೆ 0.95 ಪಿಎಸ್‌ಐ ಬೇಕು ಅಂದುಕೊಳ್ಳಿ. ತಳದಲ್ಲಿ ಬೇಕಾದ ಒತ್ತಡ 16,400 × 0.95 = 15,580 ಪಿಎಸ್‌ಐ. ಟ್ಯೂಬಿಂಗ್‌ನಲ್ಲಿ, ಅಂದರೆ ಬಾವಿಯೊಳಗಿನ ಪೈಪಿನಲ್ಲಿ, ಇರುವ ದ್ರವದ ತೂಕ ನಮಗೆ ಸಹಾಯ ಮಾಡುತ್ತದೆ. ಗ್ಯಾಲನ್‌ಗೆ 8.5 ಪೌಂಡ್ ಸಾಂದ್ರತೆಯ ದ್ರವವಾದರೆ 0.052 (ಈ ಅಳತೆಗಳನ್ನು ಪಿಎಸ್‌ಐಗೆ ತರುವ ಗುಣಕ) × 8.5 × 16,400, ಅಂದರೆ ಸುಮಾರು 7,250 ಪಿಎಸ್‌ಐ. ಪೈಪಿನೊಳಗಿನ ಘರ್ಷಣೆ ನಮಗೆ ವಿರುದ್ಧ. ಅದನ್ನು 3,000 ಅಂತ ಹಿಡಿಯೋಣ. ಹಾಗಾದರೆ ಮೇಲೆ ಪಂಪು ಕೊಡಬೇಕಾದ್ದು 15,580 − 7,250 + 3,000 = 11,330 ಪಿಎಸ್‌ಐ.

ಉಪಕರಣ 15,000 ಪಿಎಸ್‌ಐನದು, ಸಾಕಲ್ವಾ ಅನ್ನಿಸಬಹುದು. ಸಾಕಾಗಲ್ಲ. 15,000ದ ಉಪಕರಣವನ್ನು ಯಾರೂ 15,000ದವರೆಗೆ ಒಯ್ಯುವುದಿಲ್ಲ. ಮಿತಿಯನ್ನು 13,500ರ ಸುತ್ತ ಇಟ್ಟುಕೊಂಡಿರಿ ಅಂದುಕೊಳ್ಳಿ. ಬಾವಿಯ ಹತ್ತಿರವೇ ಬಿರುಕು ತಿರುಚಿಕೊಂಡಿದ್ದರೆ ಸುಲಭವಾಗಿ 2,000 ಪಿಎಸ್‌ಐ ಹೆಚ್ಚು ಬೀಳುತ್ತದೆ. ಆಗ 13,330. ಪ್ರೊಪ್ಪೆಂಟ್ ಸ್ವಲ್ಪ ಸಿಕ್ಕಿಹಾಕಿಕೊಂಡರೂ ಪಂಪುಗಳು ತಾವಾಗಿ ನಿಂತುಬಿಡುತ್ತವೆ, ಪೈಪಿನಲ್ಲಿ ಪ್ರೊಪ್ಪೆಂಟ್ ತುಂಬಿರುವಾಗಲೇ.

ಇದಕ್ಕೇ ತೂಕದ ಫ್ರ್ಯಾಕ್ ದ್ರವ ಬಂದಿದ್ದು. ಸಾದಾ ನೀರಿನ ಬದಲು ಸೋಡಿಯಂ ಬ್ರೋಮೈಡ್ ಉಪ್ಪುನೀರಿನಲ್ಲಿ ಜೆಲ್ ಮಾಡುತ್ತಾರೆ. ಸಾಂದ್ರತೆ 11.5ಕ್ಕೆ ಏರಿಸಿದರೆ ದ್ರವದ ತೂಕವೇ 9,810 ಪಿಎಸ್‌ಐ ಕೊಡುತ್ತದೆ. ಮೇಲಿನ ಒತ್ತಡ 8,770ಕ್ಕೆ ಇಳಿಯುತ್ತದೆ. 2,500 ಪಿಎಸ್‌ಐಗಿಂತ ಜಾಸ್ತಿ ಉಸಿರಾಡಲು ಜಾಗ ಸಿಕ್ಕಿತು. ಉಪ್ಪಿಗೆ ದುಡ್ಡು ಜಾಸ್ತಿ, ಜೆಲ್ ನೆನೆಯಲು ಹೊತ್ತು ಹಿಡಿಯುತ್ತದೆ, ಘರ್ಷಣೆಯೂ ಕೊಂಚ ಏರುತ್ತದೆ. ಬಿಸಿಯಲ್ಲಿ ಉಪ್ಪುನೀರು ಹಿಗ್ಗಿ ಸಾಂದ್ರತೆ ಕಡಿಮೆಯಾಗುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆದರೂ ಇಂಥ ಬಾವಿಗೆ ಅದು ಕೊಡಬೇಕಾದ ಬೆಲೆಯೇ.

ಹಂತ 3: ಟ್ಯೂಬಿಂಗ್ ಮತ್ತು ಪ್ಯಾಕರ್

ತಣ್ಣನೆಯ ದ್ರವ ಜೋರಾಗಿ ಹರಿದಾಗ ಬಿಸಿಯಾಗಿದ್ದ ಉಕ್ಕಿನ ಪೈಪು ಕುಗ್ಗುತ್ತದೆ. ಎಷ್ಟು? ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲು ಕುಗ್ಗುತ್ತದೆ. 5,000 ಮೀಟರ್ ಪೈಪು ಸರಾಸರಿ 60 ಡಿಗ್ರಿ ತಣ್ಣಗಾದರೆ 3.6 ಮೀಟರ್. ಒಳಗಿನ ಒತ್ತಡದಿಂದ ಪೈಪು ಉಬ್ಬಿ ಇನ್ನಷ್ಟು ಗಿಡ್ಡವಾಗುತ್ತದೆ. ಸೀಲ್ ಜೋಡಣೆಯಲ್ಲಿ ಜಾರಲು ಅಷ್ಟು ಉದ್ದ ಇಲ್ಲದಿದ್ದರೆ ಸೀಲು ಹೊರಗೆ ಬರುತ್ತದೆ. ಬಿಗಿಯಾಗಿ ಕಟ್ಟಿಹಾಕಿದರೆ ಎಳೆತ ಪೈಪಿನ ಮೇಲೂ ಪ್ಯಾಕರ್ ಮೇಲೂ ಬೀಳುತ್ತದೆ. ಇಂಥ ಬಾವಿಗಳಿಗೆ ಕಾಯಂ ಪ್ಯಾಕರ್, ಉದ್ದದ ಸೀಲ್ ಜೋಡಣೆ ಒಳ್ಳೆಯದು ಅನ್ನುವುದು ನನ್ನ ಒಲವು. ಮತ್ತೆ ಬಿಚ್ಚಿ ತೆಗೆಯುವ ಪ್ಯಾಕರ್‌ನಿಂದ ಸಮಯ ಉಳಿಯುತ್ತದೆ, ಆದರೆ ಅದು ಹಿಡಿತ ಬಿಡುವ ಸಾಧ್ಯತೆಯೂ ಜಾಸ್ತಿ.

ಈಗ ಹೊಸಬರ ಕಣ್ಣಿಗೆ ಬೀಳದ ಒಂದು ವಿಷಯ. ಫ್ರ್ಯಾಕ್ ಮಾಡುವಾಗ ಟ್ಯೂಬಿಂಗ್ ಒಡೆಯದಿರಲಿ ಅಂತ ಅನ್ಯುಲಸ್‌ನಲ್ಲೂ (ಟ್ಯೂಬಿಂಗ್ ಮತ್ತು ಕೇಸಿಂಗ್ ನಡುವಿನ ಜಾಗ) ಒತ್ತಡ ಕೊಟ್ಟಿರುತ್ತೇವೆ. ಆದರೆ ಡ್ರಿಲ್ ಸ್ಟೆಮ್ ಟೆಸ್ಟ್‌ನ (ಪೈಪಿನಲ್ಲಿ ಇಳಿಸಿದ ವಾಲ್ವುಗಳಿಂದ ಬಾವಿಯನ್ನು ಹರಿಸಿ, ಮುಚ್ಚಿ ಅಳೆಯುವ ಪರೀಕ್ಷೆ) ಬಹಳಷ್ಟು ವಾಲ್ವುಗಳು ಕೆಲಸ ಮಾಡುವುದೇ ಅನ್ಯುಲಸ್ ಒತ್ತಡದಿಂದ. ಒಂದಕ್ಕೆ ಇಷ್ಟು ಒತ್ತಡ, ಇನ್ನೊಂದಕ್ಕೆ ಅಷ್ಟು. ಸರ್ಕ್ಯುಲೇಟಿಂಗ್ ವಾಲ್ವಿನೊಳಗೆ ಒಂದು ಡಿಸ್ಕ್ ಇರುತ್ತದೆ. ನಿಗದಿ ಒತ್ತಡಕ್ಕೆ ಅದು ಒಡೆದು ವಾಲ್ವು ತೆರೆಯುತ್ತದೆ. ಫ್ರ್ಯಾಕ್‌ಗೆ ಬೇಕಾದ ಆಸರೆಯ ಒತ್ತಡ ಆ ಡಿಸ್ಕಿನ ಅಂಕಿಯನ್ನು ಮುಟ್ಟಿದರೆ, ಪ್ರೊಪ್ಪೆಂಟ್ ಪಂಪ್ ಮಾಡುತ್ತಿರುವಾಗಲೇ ವಾಲ್ವು ತೆರೆದು ಟ್ಯೂಬಿಂಗ್, ಅನ್ಯುಲಸ್ ಎರಡೂ ಒಂದಾಗುತ್ತವೆ. ಆದ್ದರಿಂದ ಎಲ್ಲ ಒತ್ತಡಗಳನ್ನೂ ಒಂದೇ ಏಣಿಯ ಮೆಟ್ಟಿಲುಗಳಂತೆ ಕೆಳಗಿಂದ ಮೇಲಕ್ಕೆ ಬರೆದಿಡಿ: ಟೆಸ್ಟರ್ ವಾಲ್ವು (ತಳದಲ್ಲಿ ಹರಿವನ್ನು ತೆರೆದು ಮುಚ್ಚುವುದು), ಆಸರೆ ಒತ್ತಡ, ಡಿಸ್ಕ್, ಕೇಸಿಂಗ್ ಮಿತಿ. ನಡುವೆ ಸಾಕಷ್ಟು ಅಂತರ ಇದೆಯಾ ನೋಡಿ. ಡಿಸ್ಕಿನ ಅಂಕಿ ಶಾಖಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ ಅನ್ನುವುದನ್ನೂ ನೆನಪಿಡಿ.

ಅನ್ಯುಲಸ್‌ನಲ್ಲಿ ಬ್ಯಾರೈಟ್ ಎಂಬ ಖನಿಜದ ಪುಡಿ ಇರುವ ಭಾರದ ಮಡ್ಡು (ಕೊರೆಯುವಾಗ ಬಳಸುವ ದ್ರವ) ಉಳಿಸಬೇಡಿ. ದಿನಗಟ್ಟಲೆ ಬಿಸಿಯಲ್ಲಿ ನಿಂತರೆ ಬ್ಯಾರೈಟ್ ಕೆಳಗೆ ಕೂರುತ್ತದೆ. ವಾಲ್ವುಗಳಿಗೆ ಒತ್ತಡದ ಸಂಕೇತ ತಲುಪಲ್ಲ, ಪೈಪು ಹೊರಬರಲ್ಲ. ತಿಳಿ ಉಪ್ಪುನೀರು ಬೇಕು. ಉತ್ತರ ಸಮುದ್ರದ ಎಚ್‌ಪಿಎಚ್‌ಟಿ ಬಾವಿಗಳಲ್ಲಿ ಸೀಸಿಯಂ ಫಾರ್ಮೇಟ್ ಬಳಸಿದ್ದು ಇದಕ್ಕೇ. ದುಬಾರಿ, ಆದರೆ ಕಣಗಳಿಲ್ಲದೆ ತೂಕ ಕೊಡುತ್ತದೆ.

ಹಂತ 4: ಫ್ರ್ಯಾಕ್‌ಗೆ ಮುಂಚೆ ಒಂದು ಟೆಸ್ಟ್

ಪರ್ಫೊರೇಟ್ ಮಾಡಿದ ಮೇಲೆ ಬಾವಿಯನ್ನು ಹಾಗೇ ಸ್ವಲ್ಪ ಹರಿಯಬಿಡಿ, ಮುಚ್ಚಿ, ಒತ್ತಡ ಏರುವುದನ್ನು ದಾಖಲಿಸಿ. ಮೊದಲ ಹರಿವು ಕೆಲವೇ ನಿಮಿಷ. ಆಮೇಲೆ ಬಿಲ್ಡಪ್, ಅಂದರೆ ಮುಚ್ಚಿದ ಬಾವಿಯಲ್ಲಿ ಒತ್ತಡ ಏರುವುದು. ಕಲ್ಲಿನ ಮೂಲ ಒತ್ತಡ ಸಿಗುವ ಅವಕಾಶ ಇದು. ಆಗುವುದಾದರೆ ಹರಿವನ್ನು ಉದ್ದ ಮಾಡಿ ಗ್ಯಾಸ್ ಮಾದರಿ ತೆಗೆದುಕೊಳ್ಳಿ. ಎಚ್‌2ಎಸ್ ಎಂಬ ವಿಷಾನಿಲ, ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅನ್ನುವುದು ಇಲ್ಲೇ ತಿಳಿಯಬೇಕು.

ರಿಗ್‌ನ ದಿನದ ಬಾಡಿಗೆ ನೋಡಿ ಈ ಹಂತ ಬಿಟ್ಟುಬಿಡೋಣ ಅನ್ನುವ ಒತ್ತಾಯ ಯಾವಾಗಲೂ ಇರುತ್ತದೆ. ಬಿಡಬೇಡಿ. ಫ್ರ್ಯಾಕ್ ಆದ ಮೇಲೆ ಬಾವಿ ಚೆನ್ನಾಗಿ ಹರಿಯದಿದ್ದರೆ, ಕಲ್ಲೇ ಕೆಟ್ಟದ್ದಾ ಅಥವಾ ನಮ್ಮ ಫ್ರ್ಯಾಕ್ ಕೆಟ್ಟಿತಾ ಎಂಬ ಪ್ರಶ್ನೆ ಬರುತ್ತದೆ. ಮುಂಚಿನ ಟೆಸ್ಟ್ ಇಲ್ಲದೆ ಅದಕ್ಕೆ ಉತ್ತರವೇ ಇಲ್ಲ. ಆವಿಷ್ಕಾರದ, ಅಂದರೆ ಹೊಸ ನಿಕ್ಷೇಪ ಪತ್ತೆಯ, ಮಾನ್ಯತೆಗೂ ಇದು ಮುಖ್ಯ. ನಮ್ಮ ದೇಶದಲ್ಲಿ ಡ್ರಿಲ್ ಸ್ಟೆಮ್ ಟೆಸ್ಟ್ ಮಾಡದ ಆವಿಷ್ಕಾರಗಳನ್ನು ಒಪ್ಪುವುದು ಹೇಗೆ ಎಂಬ ವಿವಾದ 2015ರಲ್ಲಿ ಕೇಂದ್ರ ಸಂಪುಟದ ತನಕ ಹೋಗಿತ್ತು.

ಹಂತ 5: ಮಿನಿ-ಫ್ರ್ಯಾಕ್

ಇದು ಪ್ರೊಪ್ಪೆಂಟ್ ಇಲ್ಲದ ಚಿಕ್ಕ ಫ್ರ್ಯಾಕ್. ದ್ರವ ಪಂಪ್ ಮಾಡಿ, ಬಿರುಕು ತೆರೆದು, ನಿಲ್ಲಿಸಿ, ಒತ್ತಡ ಇಳಿಯುವುದನ್ನು ನೋಡುತ್ತಾ ಕೂರುವುದು. ಕಾಯುವ ಕೆಲಸವೇ ಜಾಸ್ತಿ.

ಪಂಪ್ ನಿಲ್ಲಿಸಿದ ಕ್ಷಣ ಘರ್ಷಣೆ ಸೊನ್ನೆಯಾಗಿ ಒತ್ತಡ ಧಡಕ್ಕನೆ ಇಳಿದು ಒಂದು ಕಡೆ ನಿಲ್ಲುತ್ತದೆ. ಅದನ್ನು ಗುರುತು ಹಾಕಿಕೊಳ್ಳಿ. ಆಮೇಲಿನ ಇಳಿಕೆಯನ್ನು ಜಿ-ಫಂಕ್ಷನ್ ಎಂಬ ಸಮಯದ ಅಳತೆಯ ನಕ್ಷೆಯಲ್ಲಿ ಹಾಕಿ. ನೇರ ಗೆರೆ ಬಾಗುವ ಕಡೆ ಬಿರುಕು ಮುಚ್ಚಿದೆ. ಅದೇ ಮುಚ್ಚುವ ಒತ್ತಡ. ಬಿಗಿ ಕಲ್ಲಿನಲ್ಲಿ ಇದಕ್ಕೆ ಗಂಟೆಗಳು ಹಿಡಿಯುತ್ತವೆ. ನಾಲ್ಕು ಬ್ಯಾರೆಲ್ ಕಡಿಮೆ ಪಂಪ್ ಮಾಡಿದ್ದರೆ ಬೇಗ ಮುಚ್ಚುತ್ತಿತ್ತಲ್ಲಾ ಅಂತ ಆಮೇಲೆ ಅನ್ನಿಸುತ್ತದೆ. ಅದಕ್ಕೇ ಮೊದಲೇ ಚಿಕ್ಕದಾಗಿ ಮಾಡಿ.

ಪಂಪ್ ನಿಲ್ಲಿಸುವ ಮುಂಚೆ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ. ಪ್ರತಿ ಮೆಟ್ಟಿಲಲ್ಲೂ ಒತ್ತಡ ಸ್ಥಿರವಾಗುವ ತನಕ ನಿಲ್ಲಿ. ಪರ್ಫೊರೇಷನ್ ತೂತುಗಳ ಘರ್ಷಣೆ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ತಿರುಚಿದ ಬಿರುಕಿನ ಘರ್ಷಣೆ ಹೆಚ್ಚು ಕಡಿಮೆ ವೇಗದ ವರ್ಗಮೂಲಕ್ಕೆ ತಕ್ಕಂತೆ. ಹೀಗಾಗಿ ಎರಡನ್ನೂ ಬೇರೆ ಮಾಡಿ ನೋಡಬಹುದು. ಮೊದಲನೆಯದು ದೊಡ್ಡದಾಗಿದ್ದರೆ ತೂತುಗಳು ಸರಿಯಾಗಿ ತೆರೆದಿಲ್ಲ. ಎರಡನೆಯದು ದೊಡ್ಡದಾಗಿದ್ದರೆ ಮುಖ್ಯ ಫ್ರ್ಯಾಕ್‌ನಲ್ಲಿ ಮೊದಲು ಸ್ವಲ್ಪ ಸ್ವಲ್ಪ ಪ್ರೊಪ್ಪೆಂಟ್ ಕಳಿಸಿ ದಾರಿ ಸವೆಸಬೇಕು.

ಈ ಎಲ್ಲ ಒತ್ತಡಗಳೂ ತಳದ ಗೇಜಿನಿಂದಲೇ ಬರಬೇಕು. ಮೇಲಿನ ಒತ್ತಡದಿಂದ ತಳದ್ದನ್ನು ಲೆಕ್ಕ ಹಾಕಲು ಹೊರಟರೆ ಘರ್ಷಣೆ, ಶಾಖ, ಸಾಂದ್ರತೆ ಮೂರೂ ಊಹೆಯೇ ಆಗುತ್ತವೆ.

ಹಂತ 6: ಜೆಲ್ ಮತ್ತು ಪ್ರೊಪ್ಪೆಂಟ್

ಗ್ವಾರ್ ಬೀನಿನಿಂದ ಬರುವ ಜೆಲ್ ಈ ಉದ್ಯಮದ ಬೆನ್ನೆಲುಬು. ಇದರ ಬಹುಪಾಲು ಬೆಳೆಯುವುದು ನಮ್ಮ ರಾಜಸ್ಥಾನದಲ್ಲೇ. ನಮ್ಮೂರ ಸಂತೆಯಲ್ಲಿ ಸಿಗುವ ಗೋರಿಕಾಯಿಯ ಬೀಜವೇ ಅದು ಅಂದರೆ ಅನೇಕರಿಗೆ ಆಶ್ಚರ್ಯ. ಬೋರೇಟ್ ಸೇರಿಸಿ ಗಟ್ಟಿ ಮಾಡಿದ ಜೆಲ್ ಸುಮಾರು 150 ಡಿಗ್ರಿಯವರೆಗೆ ಚೆನ್ನಾಗಿ ನಿಲ್ಲುತ್ತದೆ. ಅದಕ್ಕೂ ಮೇಲೆ ಸಿಎಂಎಚ್‌ಪಿಜಿ ಎಂಬ ಮಾರ್ಪಡಿಸಿದ ಗ್ವಾರ್, ಅದನ್ನು ಗಟ್ಟಿ ಮಾಡುವ ಜಿರ್ಕೋನಿಯಂ ಕ್ರಾಸ್‌ಲಿಂಕರ್, ಜೊತೆಗೆ ಸೋಡಿಯಂ ಥಯೋಸಲ್ಫೇಟ್‌ನಂಥ ಸ್ಟೆಬಿಲೈಸರ್ ಬೇಕು. ಜಿರ್ಕೋನಿಯಂ ಜೆಲ್‌ಗೆ ಒಂದು ದೋಷವಿದೆ. ಪೈಪಿನಲ್ಲೇ ಗಟ್ಟಿಯಾಗಿ ಜೋರಾಗಿ ಉಜ್ಜಿಸಿಕೊಂಡರೆ ಒಡೆದುಹೋಗುತ್ತದೆ, ಮತ್ತೆ ಕೂಡಿಕೊಳ್ಳಲ್ಲ. ಆದ್ದರಿಂದ ತಳ ಮುಟ್ಟುವ ಹೊತ್ತಿಗೆ ಗಟ್ಟಿಯಾಗುವಂತೆ ಕ್ರಾಸ್‌ಲಿಂಕನ್ನು ತಡಮಾಡಬೇಕು.

ಲ್ಯಾಬ್ ಟೆಸ್ಟ್‌ಗೆ ಹಡಗಿನಲ್ಲಿರುವ ನೀರನ್ನೇ, ಬಳಸುವ ಬ್ಯಾಚಿನ ರಾಸಾಯನಿಕವನ್ನೇ ಕಳಿಸಿ. ಬೇರೆ ನೀರಿನಲ್ಲಿ ಚೆನ್ನಾಗಿ ಬಂದ ಜೆಲ್ ಇಲ್ಲಿ ಬರದೇ ಹೋಗಬಹುದು.

ಪ್ರೊಪ್ಪೆಂಟ್ ವಿಷಯ ಸರಳ. ಮುಚ್ಚುವ ಒತ್ತಡ 15,000, ಬಾವಿ ಹರಿಯುವಾಗ ತಳದ ಒತ್ತಡ 5,000 ಅಂದುಕೊಳ್ಳಿ. ಉಳಿದ 10,000 ಪಿಎಸ್‌ಐ ಪ್ರೊಪ್ಪೆಂಟ್ ಕಾಳುಗಳ ಮೇಲೆ ಬೀಳುತ್ತದೆ. ಮರಳು ಪುಡಿಯಾಗುತ್ತದೆ. ಸುಟ್ಟ ಬಾಕ್ಸೈಟ್ ಗೋಲಿಗಳೇ ಬೇಕು. ಅವು ಭಾರ, ಬೇಗ ಕೆಳಗಿಳಿಯುತ್ತವೆ, ಹಾಗಾಗಿ ಜೆಲ್ ಗಟ್ಟಿ ಇರಲೇಬೇಕು.

ಹಂತ 7: ಪಂಪ್ ಮಾಡುವ ದಿನ

ಲೈನುಗಳನ್ನು ಮೊದಲು ಕಡಿಮೆ ಒತ್ತಡಕ್ಕೆ, ಆಮೇಲೆ ಪೂರ್ತಿ ಒತ್ತಡಕ್ಕೆ ಟೆಸ್ಟ್ ಮಾಡಿ. ಕಡಿಮೆ ಒತ್ತಡದ್ದನ್ನು ಬಿಡಬೇಡಿ. ಕೆಲವು ಸೀಲುಗಳು 10,000ದಲ್ಲಿ ಬಿಗಿಯಾಗಿ ಕೂತು 300ರಲ್ಲಿ ಸೋರುತ್ತವೆ. ಹೈ ಪ್ರೆಶರ್ ಲೈನಿನ ಹತ್ತಿರ ಯಾರೂ ಇರಕೂಡದು. ಪಂಪ್ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ ಅಂತ ಸಭೆಯಲ್ಲಿ ಹೆಸರು ಹೇಳಿ ನಿರ್ಧರಿಸಿ.

ಪಂಪ್ ಮಾಡುವಾಗ ನೋಡಬೇಕಾದ್ದು ನಿವ್ವಳ ಒತ್ತಡದ (ಬಿರುಕಿನೊಳಗಿನ ಒತ್ತಡದಲ್ಲಿ ಮುಚ್ಚುವ ಒತ್ತಡ ಕಳೆದು ಉಳಿದದ್ದು) ನಡಿಗೆ. ನಿಧಾನವಾಗಿ ಏರುತ್ತಿದ್ದರೆ ಬಿರುಕು ಉದ್ದವಾಗುತ್ತಿದೆ. ಇಳಿಯುತ್ತಿದ್ದರೆ ಎತ್ತರಕ್ಕೆ ಹೋಗುತ್ತಿರಬಹುದು, ಅಂದರೆ ಮೇಲಿನ ಅಥವಾ ಕೆಳಗಿನ ಪದರಕ್ಕೆ. ಕಡಿದಾಗಿ ಏರಿದರೆ ಸ್ಕ್ರೀನ್-ಔಟ್ (ಪ್ರೊಪ್ಪೆಂಟ್ ಕಟ್ಟಿಕೊಂಡು ದಾರಿ ಮುಚ್ಚುವುದು) ಹತ್ತಿರ ಬಂದಿದೆ. ಪ್ರೊಪ್ಪೆಂಟ್ ಕಡಿತ ಮಾಡಿ ತೊಳೆಯುವ ದ್ರವಕ್ಕೆ ಹೋಗಿ. ಯೋಜನೆಯಲ್ಲಿದ್ದ ಟನ್ನು ಪೂರೈಸಬೇಕು ಅನ್ನುವ ಹಠ ಬೇಡ. ಶೇ 70 ಪ್ರೊಪ್ಪೆಂಟ್ ಬಿರುಕಿನಲ್ಲಿದ್ದರೆ ಅದು ಕೆಲಸ ಮಾಡುವ ಫ್ರ್ಯಾಕ್. ಪೂರ್ತಿ ಹಾಕಲು ಹೋಗಿ ಟೆಸ್ಟರ್ ವಾಲ್ವಿನ ಮೇಲೆ ಬಾಕ್ಸೈಟ್ ತುಂಬಿಸಿಕೊಂಡರೆ ಕಾಯಿಲ್ ಟ್ಯೂಬಿಂಗ್ (ಸುರುಳಿ ಸುತ್ತಿದ ಸಣ್ಣ ಪೈಪು) ತರಿಸಿ ದಿನಗಟ್ಟಲೆ ತೊಳೆಯಬೇಕು.

ಹಂತ 8: ಸ್ವಚ್ಛಗೊಳಿಸಿ ಹರಿಯಬಿಡುವುದು

ಮೊದಲ ಗ್ಯಾಸ್ ಹಗಲಿನಲ್ಲೇ ಮೇಲೆ ಬರುವಂತೆ ನೋಡಿಕೊಳ್ಳಿ. ಗಾಳಿಯ ದಿಕ್ಕಿಗೆ ತಕ್ಕ ಬರ್ನರ್ ಬೂಮ್ (ಗ್ಯಾಸ್ ಸುಡಲು ರಿಗ್‌ನಿಂದ ಹೊರಚಾಚಿದ ತೋಳು) ಆಯ್ದುಕೊಳ್ಳಿ. ನೀರಿನ ಪರದೆ ಮೊದಲೇ ಚಾಲೂ ಮಾಡಿ.

ಚೋಕ್ (ಹರಿವನ್ನು ಹಿಡಿತದಲ್ಲಿಡುವ ಕಿರಿದಾದ ತೂತು) ಚಿಕ್ಕದರಿಂದ ಶುರು. ಒಮ್ಮೆಲೇ ತೆರೆದರೆ ಪ್ರೊಪ್ಪೆಂಟ್ ವಾಪಸ್ ಬರುತ್ತದೆ, ಚೋಕನ್ನೇ ಕೊರೆದು ತಿನ್ನುತ್ತದೆ. ಸ್ಯಾಂಡ್ ಫಿಲ್ಟರ್ ದಾಟಿದ ಮೇಲೇ ಚೋಕ್ ಇರಲಿ.

ಶಾಖದ ವಿಷಯದಲ್ಲಿ ಎರಡು ತುದಿಯ ಅಪಾಯ ಇದೆ. ಶುರುವಿನಲ್ಲಿ ತಣ್ಣನೆಯ ಫ್ರ್ಯಾಕ್ ದ್ರವ ಬರುತ್ತದೆ. ಚೋಕ್ ದಾಟಿದ ಗ್ಯಾಸ್ ಇನ್ನೂ ತಣ್ಣಗಾಗಿ ಮಂಜುಗಡ್ಡೆಯಂಥ ಹೈಡ್ರೇಟ್ ಕಟ್ಟಿಕೊಳ್ಳುತ್ತದೆ. ಅದಕ್ಕೆ ಮೆಥನಾಲ್ ಅಥವಾ ಗ್ಲೈಕಾಲ್ ಬೇಕು. ಕೆಲವು ಗಂಟೆಗಳಲ್ಲಿ ಅದೇ ಬಾವಿಯ ತಲೆ 120 ಡಿಗ್ರಿ ದಾಟಬಹುದು. ಆಗ ಫ್ಲೋಹೆಡ್ಡು (ಪೈಪಿನ ಮೇಲ್ತುದಿಯ ವಾಲ್ವು ಜೋಡಣೆ), ಹೋಸ್‌ಗಳ ಶಾಖದ ಮಿತಿಯೇ ಹರಿವನ್ನು ನಿರ್ಧರಿಸುತ್ತದೆ. ಈ ಮಿತಿಗಳನ್ನು ಗೋಡೆಗೆ ಅಂಟಿಸಿ.

ಎಲ್ಲ ಅನ್ಯುಲಸ್‌ಗಳ ಒತ್ತಡವನ್ನೂ ಬರೆದಿಡುತ್ತಿರಿ. ಬೇರೆ ಪದರದ ಗ್ಯಾಸ್ ಒಳನುಗ್ಗಿದರೆ ಅಲ್ಲೇ ಕಾಣುತ್ತದೆ. 2012ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡ್ ಬಳಿಯ ಎಲ್ಗಿನ್ ಎಂಬ ಎಚ್‌ಪಿಎಚ್‌ಟಿ ಕ್ಷೇತ್ರದಲ್ಲಿ ವಾರಗಟ್ಟಲೆ ಗ್ಯಾಸ್ ಸೋರಿತು. ಅದು ಬಂದಿದ್ದು ಉತ್ಪಾದನೆಯ ಪದರದಿಂದಲ್ಲ, ಅದರ ಮೇಲಿದ್ದ ಸುಣ್ಣಕಲ್ಲಿನ ಪದರದಿಂದ. ನಮ್ಮ ಕೆಜಿ ಕಣಿವೆಯಲ್ಲೇ, ನೆಲದ ಮೇಲೆ, 1995ರ ಜನವರಿಯಲ್ಲಿ ಪಾಸರ್ಲಪೂಡಿ ಬಾವಿ ಹೊತ್ತಿಕೊಂಡು 65 ದಿನ ಉರಿದಿತ್ತು.

ಹಂತ 9: ಬಿಲ್ಡಪ್ ಓದುವುದು

ಫ್ಲೇರ್ ಎತ್ತರವಾಗಿ ಉರಿಯುವಾಗ ಎಲ್ಲರಿಗೂ ಖುಷಿ. ಆದರೆ ಮೊದಲ ದಿನದ ಹರಿವು ಬಿರುಕಿನ ಮತ್ತು ಅದರ ಪಕ್ಕದ ಕಲ್ಲಿನ ಗ್ಯಾಸ್. ಆ ಅಂಕಿ ಕ್ಷೇತ್ರದ ಭವಿಷ್ಯ ಹೇಳಲ್ಲ. ಒಂದೇ ಚೋಕ್‌ನಲ್ಲಿ ಹರಿವು ಮತ್ತು ಒತ್ತಡ ಎರಡೂ ಸ್ಥಿರವಾಗುವ ತನಕ ಬಿಡಿ. ಆಮೇಲೆ ತಳದಲ್ಲೇ ಮುಚ್ಚಿ. ಹರಿದಷ್ಟು ಹೊತ್ತಿಗಿಂತ ಜಾಸ್ತಿ ಹೊತ್ತು ಬಿಲ್ಡಪ್ ಬಿಡಿ.

ಬಾವಿಯ ತಲೆಯ ಒತ್ತಡ ನೋಡಿ ತೀರ್ಮಾನಿಸಬೇಡಿ. ಮುಚ್ಚಿದ ಮೇಲೆ ಟ್ಯೂಬಿಂಗ್‌ನಲ್ಲಿರುವ ಬಿಸಿ ಗ್ಯಾಸ್ ತಣ್ಣಗಾಗಿ ಭಾರವಾಗುತ್ತದೆ. ತಳದಲ್ಲಿ ಒತ್ತಡ ಏರುತ್ತಿರುವಾಗಲೇ ಮೇಲೆ ಇಳಿಯುತ್ತಿರುತ್ತದೆ. ಇದನ್ನು ಗೊತ್ತಿಲ್ಲದವರು ಕಲ್ಲಿನಲ್ಲಿ ಗ್ಯಾಸ್ ಖಾಲಿಯಾಯಿತು ಅಂದುಬಿಡುತ್ತಾರೆ. ತಳಕ್ಕೆ ನಾಲ್ಕಾದರೂ ಗೇಜು ಇಳಿಸಿ. 177 ಡಿಗ್ರಿ ದಾಟಿದ ಮೇಲೆ ಗೇಜಿನ ಎಲೆಕ್ಟ್ರಾನಿಕ್ಸ್ ಎಷ್ಟು ಗಂಟೆ ಬದುಕುತ್ತದೆ ಅನ್ನುವುದೇ ಟೆಸ್ಟ್‌ನ ಆಯುಸ್ಸು.

ಲಾಗ್-ಲಾಗ್ ನಕ್ಷೆಯಲ್ಲಿ ಡೆರಿವೇಟಿವ್ ಗೆರೆ (ಒತ್ತಡ ಬದಲಾಗುವ ವೇಗ ತೋರಿಸುವುದು) ಹಾಕಿ. ಆ ಗೆರೆಯ ಓರೆ (ಸ್ಲೋಪ್) ಕಾಲು ಇದ್ದರೆ ಬಿರುಕಿನೊಳಗೂ ಒತ್ತಡ ನಷ್ಟವಾಗುತ್ತಿದೆ, ಪ್ರೊಪ್ಪೆಂಟ್ ಸಾಲದು ಅಥವಾ ಜೆಲ್ ಪೂರ್ತಿ ಒಡೆದಿಲ್ಲ. ಅರ್ಧ ಇದ್ದರೆ ಬಿರುಕು ಸಲೀಸಾಗಿ ಹರಿಸುತ್ತಿದೆ. ಚಪ್ಪಟೆಯಾದ ಮೇಲೆ ಮಾತ್ರ ಕಲ್ಲಿನ ನಿಜವಾದ ಪರ್ಮಿಯಬಿಲಿಟಿ (ಗ್ಯಾಸನ್ನು ಹರಿಯಬಿಡುವ ಗುಣ) ಸಿಗುತ್ತದೆ. ಬಿಗಿ ಕಲ್ಲಿನಲ್ಲಿ ಟೆಸ್ಟ್ ಮುಗಿಯುವ ತನಕವೂ ಚಪ್ಪಟೆ ಬರದಿರುವುದೇ ಹೆಚ್ಚು. ಆಗ ನಾಲ್ಕನೇ ಹಂತದ ಟೆಸ್ಟ್ ಕೈಹಿಡಿಯುತ್ತದೆ. ಅಲ್ಲಿ ಸಿಕ್ಕ ಪರ್ಮಿಯಬಿಲಿಟಿ ಇಟ್ಟುಕೊಂಡು ಬಿರುಕಿನ ಉದ್ದ ಹುಡುಕಬಹುದು. ವರದಿಯಲ್ಲಿ ಟೆಸ್ಟ್ ಎಷ್ಟು ದೂರದವರೆಗಿನ ಕಲ್ಲನ್ನು ಕಂಡಿದೆ ಅಂತ ಮೀಟರಿನಲ್ಲಿ ಬರೆಯಿರಿ. ಅದರಾಚೆಗಿನ ಗ್ಯಾಸ್‌ಗೆ ಬೇರೆ ಪುಟ, ಬೇರೆ ಶೀರ್ಷಿಕೆ ಕೊಡಿ. ಎರಡನ್ನೂ ಕೂಡಿಸಿ ಒಂದೇ ಅಂಕಿ ಮಾಡಬೇಡಿ.

ಹಂತ 10: ಬಾವಿ ಮುಚ್ಚುವುದು

ಟ್ಯೂಬಿಂಗ್‌ನಲ್ಲಿರುವ ಗ್ಯಾಸನ್ನು ಭಾರದ ದ್ರವದಿಂದ ಕಲ್ಲಿಗೇ ವಾಪಸ್ ತಳ್ಳಿ, ಬಾವಿ ಸುಮ್ಮನಿದೆಯಾ ಅಂತ ಕಾದು ನೋಡಿ. ಫ್ರ್ಯಾಕ್ ಆದ ಕಲ್ಲು ದ್ರವವನ್ನು ಸುಲಭವಾಗಿ ಕುಡಿಯುತ್ತದೆ. ಹಾಗಾಗಿ ದ್ರವ ಕಲ್ಲಿಗೆ ಹೋಗುವುದನ್ನು (ಲಾಸ್) ತಡೆಯುವ ಪಿಲ್, ಅಂದರೆ ಒಂದಿಷ್ಟು ವಿಶೇಷ ದ್ರವ, ತಯಾರಿರಲಿ. ಸಿಮೆಂಟ್ ಪ್ಲಗ್ ಇಟ್ಟ ಮೇಲೆ ಮೇಲಿಂದ ಒತ್ತಿಯೂ, ಮೇಲಿನ ಒತ್ತಡ ತೆಗೆದೂ, ಎರಡು ರೀತಿಯಲ್ಲೂ ಪರೀಕ್ಷಿಸಿ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಮಕೊಂಡೊ ಬಾವಿಯಲ್ಲಿ 11 ಜನ ಸತ್ತರು. ಅದಕ್ಕೆ ಮುಂಚೆ ಮಾಡಿದ ಎರಡನೇ ರೀತಿಯ ಪರೀಕ್ಷೆಯಲ್ಲಿ ಡ್ರಿಲ್ ಪೈಪಿನ ಒತ್ತಡ 1,400 ಪಿಎಸ್‌ಐ ತೋರಿಸಿತ್ತು. ಅದೇ ಬಾವಿಗೆ ಸೇರುವ ಇನ್ನೊಂದು ಪೈಪಾದ ಕಿಲ್ ಲೈನಿನಲ್ಲಿ ಹರಿವು ಇರಲಿಲ್ಲ ಅಂತ ಅದನ್ನು ಪಾಸ್ ಅಂದುಕೊಂಡರು. ಎರಡು ಗೇಜು ಎರಡು ಮಾತು ಹೇಳಿದರೆ ಕಾರಣ ಸಿಗುವ ತನಕ ಮುಂದಿನ ಹೆಜ್ಜೆ ಇಡಬೇಡಿ.